ಕಲಿತದ್ದು ಡಿಗ್ರಿಯ ಲೆಕ್ಕಕ್ಕೆ ಬರುವುದು ಹೇಗೆ

ಪಿಯುಸಿ ಮುಗಿಸಿ ನೇರವಾಗಿ ಬಿ.ಎಸ್ಸಿ. ನರ್ಸಿಂಗ್ ಸೇರಿದವರು ನಾಲ್ಕು ವರ್ಷಕ್ಕೆ ಪದವೀಧರರಾಗುತ್ತಾರೆ. ನಾನು ಸೇರಿದ್ದು ಜಿಎನ್‌ಎಂ ಡಿಪ್ಲೊಮಾಕ್ಕೆ. ನಾನು ಓದುವಾಗ ಅದು ಮೂರೂವರೆ ವರ್ಷದ ಕೋರ್ಸು. ಈಗ ಮೂರು ವರ್ಷ. ಕೆಲಸಕ್ಕೆ ಸೇರಿ, ನೈಟ್ ಡ್ಯೂಟಿ ಮಾಡಿ, ಮದುವೆಯೂ ಆದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಅಂತ ಮತ್ತೆ ಎರಡು ವರ್ಷ ಓದಿದೆ. ಒಟ್ಟು ಐದೂವರೆ ವರ್ಷ. ಒಂದೂವರೆ ವರ್ಷ ದಂಡವಾಯಿತು ಅಂತ ನಮ್ಮ ಮನೆಯಲ್ಲಿ ಈಗಲೂ ಹೇಳುವವರಿದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ಡಿಪ್ಲೊಮಾದಲ್ಲಿ ಕಲಿತದ್ದಕ್ಕೆ ಡಿಗ್ರಿಯ ಎರಡು ವರ್ಷ ಜಮಾ ಆಯಿತು. ಆ ಜಮಾ ಇಲ್ಲದಿದ್ದರೆ, ಸಂಬಳ ಬಿಟ್ಟು ಮತ್ತೆ ನಾಲ್ಕು ವರ್ಷ ಕ್ಲಾಸಿನಲ್ಲಿ ಕೂರುವ ಶಕ್ತಿ ನನಗಿರಲಿಲ್ಲ.

ಕೆಲಸ ಕಲಿಸುವ ಕೋರ್ಸಿನ ಓದನ್ನು ಕಾಲೇಜಿನ ಪದವಿಗೆ ಜಮಾ ಮಾಡಿಕೊಳ್ಳುವುದಕ್ಕೆ ಈಗ ಕ್ರೆಡಿಟ್ ವರ್ಗಾವಣೆ ಅನ್ನುತ್ತಾರೆ. ವರದಾಂಬೆಯ ದರ್ಶನಕ್ಕೆ, ವರದಾ ನದಿ ಹುಟ್ಟುವ ಕೊಳ ನೋಡುವುದಕ್ಕೆ ಹೊರಗಿನವರು ಸಾಗರ ತಾಲ್ಲೂಕಿನ ನಮ್ಮ ವರದಮೂಲಕ್ಕೆ ಬರುತ್ತಾರೆ. ನನ್ನ ಮನೆಗೆ ಈ ಕ್ರೆಡಿಟ್ಟಿನ ವಿಷಯ ಕೇಳಲು ಬರುವವರು ಅಕ್ಕಪಕ್ಕದ ಊರಿನ ಹುಡುಗ ಹುಡುಗಿಯರು, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದು. "ಅಕ್ಕಾ, ಎರಡು ವರ್ಷ ಐಟಿಐ ಮಾಡಿದ್ದು ಡಿಗ್ರಿಗೆ ಬರ್ತದಾ?" "ಟೈಲರಿಂಗ್ ಸರ್ಟಿಫಿಕೇಟ್ ಇದೆ, ಕಾಲೇಜಲ್ಲಿ ಎಂತಾದ್ರೂ ಬಿಡ್ತಾರಾ?" ಡಿಪ್ಲೊಮಾದಿಂದ ಡಿಗ್ರಿಗೆ ಹೋದವಳು ಅಂತ ನನ್ನನ್ನು ಕೇಳುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನರ್ಸಿಂಗ್‌ನಿಂದಲೇ ಶುರು ಮಾಡುತ್ತೇನೆ, ನಾನು ನಡೆದ ದಾರಿ ಅದು. ಜಿಎನ್‌ಎಂ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದವರಿಗೆ ಪೋಸ್ಟ್ ಬೇಸಿಕ್ ಸೇರಲು ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಈ ಪದವಿಯನ್ನು ಹೆಚ್ಚಾಗಿ ಕೊಡುವುದು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಎರಡು ವರ್ಷದ ಆ ಪಠ್ಯಪಟ್ಟಿಯನ್ನು ನೋಡಿದರೆ ಯಾವುದಕ್ಕೆ ಜಮಾ ಕೊಟ್ಟಿದ್ದಾರೆ, ಯಾವುದಕ್ಕೆ ಕೊಟ್ಟಿಲ್ಲ ಅನ್ನುವುದು ಕಾಣುತ್ತದೆ. ಅಂಗರಚನಾಶಾಸ್ತ್ರವನ್ನು ಮತ್ತೆ ಓದಬೇಕಾಗಿಲ್ಲ. ಅದು ಜಿಎನ್‌ಎಂನಲ್ಲಿ ಆಗಿದೆ ಅಂತ ಒಪ್ಪಿಕೊಂಡಿದ್ದಾರೆ. ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನು ಪದವಿಯ ಮಟ್ಟದಲ್ಲಿ ಓದಬೇಕು. ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ, ಆಡಳಿತ, ಬೋಧನೆ ಇವೆಲ್ಲ ನನಗೆ ಹೆಚ್ಚುಕಡಿಮೆ ಹೊಸದಾಗಿದ್ದವು. ಮಕ್ಕಳ ಶುಶ್ರೂಷೆ, ತಾಯಂದಿರ ಶುಶ್ರೂಷೆ, ಮೆಡಿಕಲ್ ಸರ್ಜಿಕಲ್ ಎರಡೂ ಕಡೆ ಇವೆ. ವಾರ್ಡಿನಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸವನ್ನು ಪುಸ್ತಕದಲ್ಲಿ ಮತ್ತೆ ಓದುವಾಗ ಮೊದಮೊದಲು ಬೇಸರವಾಗುತ್ತಿತ್ತು. ಆದರೆ ಡ್ರಿಪ್ಪಿನ ಹನಿ ಎಣಿಸುವುದು ಗೊತ್ತಿದ್ದ ನನಗೆ, ಇಂಥ ರೋಗಿಗೆ ಇಷ್ಟೇ ಹನಿ ಯಾಕೆ ಅನ್ನುವುದರ ರಸಾಯನಶಾಸ್ತ್ರ ಗೊತ್ತಾದದ್ದು ಆಗಲೇ. ಹಾಗಾಗಿ ಆ ಎರಡು ವರ್ಷವನ್ನು ಇನ್ನೂ ಕಡಿಮೆ ಮಾಡಬೇಕಿತ್ತು ಅಂತ ನಾನು ಹೇಳಲಾರೆ.

ಕೆಲಸ ಬಿಡಲಾಗದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಪೋಸ್ಟ್ ಬೇಸಿಕ್ ಇದೆ. ದೂರಶಿಕ್ಷಣವಾದ್ದರಿಂದ ಕನಿಷ್ಠ ಮೂರು ವರ್ಷ ಬೇಕು. ನೋಂದಣಿಯ ಜೊತೆಗೆ ಕೆಲಸದ ಅನುಭವವನ್ನೂ ಕೇಳುತ್ತಾರೆ.

ಇದೇ ಬಗೆಯ ಏಣಿ ತಾಂತ್ರಿಕ ಶಿಕ್ಷಣದಲ್ಲೂ ಇದೆ. ನಮ್ಮ ಕಡೆಯ ಹುಡುಗರಿಗೆ ಅದರಲ್ಲಿ ಅರ್ಧ ಮಾತ್ರ ಗೊತ್ತಿರುತ್ತದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಐಟಿಐ ಮುಗಿಸಿದವನು ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ ನೋಡಿ: ಐಟಿಐ ಎರಡು, ಡಿಪ್ಲೊಮಾ ಎರಡು, ಬಿ.ಇ. ಮೂರು, ಒಟ್ಟು ಏಳು ವರ್ಷ. ಪಿಯುಸಿ ಎರಡು, ಬಿ.ಇ. ನಾಲ್ಕು ಮಾಡಿದವನಿಗೆ ಆರು. ಒಂದೇ ಒಂದು ವರ್ಷ ಹೆಚ್ಚು. ಅಷ್ಟರಲ್ಲಿ ಐಟಿಐಯಿಂದ ಬಂದವನ ಕೈಯಲ್ಲಿ ಕೆಲಸ ಸಿಗುವ ಎರಡು ಸರ್ಟಿಫಿಕೇಟ್ ಬಂದಿರುತ್ತವೆ. ಮನೆಯಲ್ಲಿ ದುಡ್ಡಿನ ತೊಂದರೆ ಬಂದರೆ ನಡುವೆ ನಿಲ್ಲಿಸಿ ದುಡಿದು ಮತ್ತೆ ಓದಬಹುದು. ಅಡಿಕೆ ತೋಟದಲ್ಲಿ ಕೊಳೆರೋಗ ಬಂದ ವರ್ಷ ಮಕ್ಕಳ ಫೀಸು ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದ ಮನೆಗಳಿಗೆ ಈ ಒಂದು ವರ್ಷದ ಹೆಚ್ಚಳ ದೊಡ್ಡದಲ್ಲ ಅಂತ ನನಗನ್ನಿಸುತ್ತದೆ.

ಎರಡನೇ ವರ್ಷಕ್ಕೆ ಸೇರಿಸಿಕೊಂಡ ಮಾತ್ರಕ್ಕೆ ಎಲ್ಲ ಮನ್ನಾ ಆಯಿತು ಅಂತ ತಿಳಿಯಬಾರದು. ಡಿಪ್ಲೊಮಾದಿಂದ ಬಂದವರಿಗೆ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ ಹೆಚ್ಚುವರಿ ಗಣಿತ ಅಂತ ಬೇರೆ ವಿಷಯವಿತ್ತು. ಮೊದಲ ವರ್ಷದ ಗಣಿತವನ್ನು ಅವರು ಓದಿರುವುದಿಲ್ಲ, ಆ ಕೊರತೆ ತುಂಬಲಿಕ್ಕೆ ಅದು. ಅದರ ಅಂಕ ಒಟ್ಟು ಅಂಕಕ್ಕೆ ಸೇರುತ್ತಿರಲಿಲ್ಲ, ಆದರೆ ಪಾಸಾಗಲೇಬೇಕಿತ್ತು. ನನ್ನ ತಮ್ಮ ಮೆಕ್ಯಾನಿಕಲ್‌ನಲ್ಲಿ ಲೇತ್ ಮುಂದೆ ನಿಂತರೆ ರಾಜ, ಕ್ಯಾಲ್ಕುಲಸ್ ಮುಂದೆ ಕೂತರೆ ಬೆವರುತ್ತಿದ್ದ. ಕ್ರೆಡಿಟ್ ಸಿಗುವುದು ವರ್ಷಗಳ ಲೆಕ್ಕದಲ್ಲಿ, ಕೊರತೆ ಇರುವುದು ವಿಷಯಗಳಲ್ಲಿ. ಸೇರುವ ಮೊದಲು ಈ ಕೊರತೆ ಯಾವುದು ಅಂತ ಕೇಳಿಕೊಂಡು, ರಜೆಯಲ್ಲೇ ಓದಲು ಕೂತವರು ಪಾರಾಗುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಹಳೆಯ ಕ್ರಮ. ಜಿಎನ್‌ಎಂನಿಂದ ಬಿ.ಎಸ್ಸಿ. ನರ್ಸಿಂಗ್‌ಗೆ, ಡಿಪ್ಲೊಮಾದಿಂದ ಬಿ.ಇ.ಗೆ, ಆಯಾ ವೃತ್ತಿಯೊಳಗೆ ಮಾತ್ರ ಏಣಿ. ನರ್ಸ್ ಒಬ್ಬಳು ಬಿ.ಎ. ಮಾಡುತ್ತೇನೆ ಅಂದರೆ ಅವಳ ಮೂರು ವರ್ಷಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಈಚಿನ ವರ್ಷಗಳಲ್ಲಿ ಬಂದದ್ದು ಬೇರೆ ಕ್ರಮ: ಪ್ರತಿ ಕೋರ್ಸಿಗೂ ಇಷ್ಟು ಕ್ರೆಡಿಟ್ ಅಂತ ಅಳತೆ ಮಾಡಿ, ಅದನ್ನು ಒಂದು ಖಾತೆಯಲ್ಲಿ ಕೂಡಿಡುವುದು. ಖಾತೆಯ ಹೆಸರು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಎಲ್ಲರೂ ಎಬಿಸಿ ಅನ್ನುತ್ತಾರೆ. ಯುಜಿಸಿಯ ನಿಯಮ ಬಂದದ್ದು 2021ರ ಜುಲೈ ತಿಂಗಳಲ್ಲಿ. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಐಡಿ ಬರುತ್ತದೆ. ಈಗ ಕಾಲೇಜು ಸೇರುವಾಗ ಬಹಳ ಕಡೆ ಅದನ್ನು ಕೇಳುತ್ತಾರೆ. ಮಕ್ಕಳು ಫೋನಿನಲ್ಲಿ ಖಾತೆ ಮಾಡಿಕೊಂಡಿರುತ್ತಾರೆ. ಅದರೊಳಗೆ ಏನಿರಬೇಕು ಅನ್ನುವುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಅಳತೆಯ ಲೆಕ್ಕ ಬಂದದ್ದು 2023ರಲ್ಲಿ, ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಜೊತೆ. 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್. ಮೂರು ವರ್ಷದ ಡಿಗ್ರಿಗೆ 120. ತರಗತಿಯಲ್ಲಿ ಕೂತ ಗಂಟೆಯ ಜೊತೆಗೆ ಪ್ರಯೋಗಾಲಯ, ವರ್ಕ್‌ಶಾಪ್, ಕೆಲಸದ ಜಾಗದಲ್ಲಿ ಕಲಿತ ಗಂಟೆಗೂ ಇದರಲ್ಲಿ ಜಾಗವಿದೆ. ಕಲಿತದ್ದನ್ನು ಪರೀಕ್ಷಿಸಿರಬೇಕು ಅನ್ನುವುದೊಂದೇ ಷರತ್ತು. 300 ಗಂಟೆಯ ಕೌಶಲ ತರಬೇತಿಗೆ ಲೆಕ್ಕದ ಪ್ರಕಾರ ಹತ್ತು ಕ್ರೆಡಿಟ್. ಕೆಲಸದ ಅನುಭವಕ್ಕೂ ತೂಕ ಇಟ್ಟಿದ್ದಾರೆ: ತರಬೇತಿ ಪಡೆದು ಅದೇ ಕೆಲಸದಲ್ಲಿ ಏಳು ವರ್ಷಕ್ಕಿಂತ ಹೆಚ್ಚು ಪಳಗಿದವರ ಕ್ರೆಡಿಟ್ ಎರಡು ಪಟ್ಟಿನವರೆಗೆ ಏರಬಹುದು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂತೋಷವಾಯಿತು. ದುಡಿಯುವ ಕೈ ಕಲಿಯುತ್ತಲೂ ಇರುತ್ತದೆ ಅಂತ ಸರಕಾರದ ಕಾಗದವೊಂದು, ನಾನು ಕಂಡಂತೆ ಮೊದಲ ಸಲ, ಲೆಕ್ಕ ಹಾಕಿ ಹೇಳಿತ್ತು.

ಆದರೆ ಬಹಳ ಜನ ಎಡವುವುದು ಇಲ್ಲಿ. ಎಬಿಸಿ ಖಾತೆಗೆ ನಮ್ಮ ಸರ್ಟಿಫಿಕೇಟನ್ನು ನಾವು ಹಾಕುವಂತಿಲ್ಲ. ನಿಯಮದಲ್ಲೇ ಹಾಗಿದೆ: ಕಲಿಸಿದ ಸಂಸ್ಥೆ ಬರೆದರೆ ಮಾತ್ರ ಜಮಾ. ಸಾಗರದ ಅಡಿಕೆ ಮಂಡಿಗೆ ಮನೆಯಲ್ಲೇ ತೂಗಿ, ನಾವೇ ಚೀಟಿ ಬರೆದುಕೊಂಡು ಹೋದರೆ ಯಾರೂ ಒಪ್ಪುವುದಿಲ್ಲ, ಮಂಡಿಯ ತಕ್ಕಡಿಯಲ್ಲಿ ತೂಗಿದ್ದೇ ತೂಕ, ಹಾಗೆ ಇದು. ಕಲಿಸಿದ ಸಂಸ್ಥೆ ಎಬಿಸಿಯಲ್ಲಿ ನೋಂದಣಿಯಾಗಿರದಿದ್ದರೆ ನೀವು ಎಷ್ಟೇ ಚೆನ್ನಾಗಿ ಕಲಿತಿದ್ದರೂ ಖಾತೆಗೆ ಏನೂ ಬರುವುದಿಲ್ಲ. ಬಂದ ಕ್ರೆಡಿಟ್‌ಗೂ ಗಡುವಿದೆ, ಸಾಮಾನ್ಯವಾಗಿ ಹೆಚ್ಚೆಂದರೆ ಏಳು ವರ್ಷ. ಇನ್ನೊಂದು ಮಿತಿ: ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕು. ಉಳಿದ ಅರ್ಧವನ್ನು ಹೊರಗಿನಿಂದ ತರಬಹುದು ಅಂತ ನಿಯಮ ಹೇಳುತ್ತದೆ. ತಂದದ್ದನ್ನು ಒಪ್ಪುವುದು ಬಿಡುವುದು ಆ ವಿಶ್ವವಿದ್ಯಾಲಯಕ್ಕೆ ಬಿಟ್ಟದ್ದು.

ಹೀಗಾಗಿ ನಾನು ಫೈಲು ಹಿಡಿದು ಬಂದವರಿಗೆ ಮೊದಲು ಹೇಳುವ ಮಾತು: ಕೋರ್ಸು ಮಾರುವವರನ್ನು ಕೇಳಬೇಡಿ, ಡಿಗ್ರಿ ಕೊಡುವವರನ್ನು ಕೇಳಿ. ತರಬೇತಿ ಕೇಂದ್ರದವರು "ಎಲ್ಲಾ ಕಡೆ ವ್ಯಾಲಿಡ್" ಅಂತಲೇ ಹೇಳುತ್ತಾರೆ. ನೀವು ಮುಂದೆ ಸೇರಬೇಕೆಂದಿರುವ ಕಾಲೇಜಿಗೆ ಹೋಗಿ, ನಮ್ಮ ಕಡೆಯ ಕಾಲೇಜುಗಳಾದರೆ ಅವು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿರುತ್ತವೆ, ಈ ಸರ್ಟಿಫಿಕೇಟಿಗೆ ಎಷ್ಟು ಕ್ರೆಡಿಟ್, ಯಾವ ಪೇಪರಿನ ಬದಲು ಅಂತ ಲಿಖಿತದಲ್ಲಿ ಕೇಳಿ. ಬಾಯಿಮಾತಿನ ಉತ್ತರ ಅಡ್ಮಿಷನ್ ದಿನ ಉಪಯೋಗಕ್ಕೆ ಬರುವುದಿಲ್ಲ. ಇನ್ನು ಸರ್ಟಿಫಿಕೇಟಿನ ಮೇಲೆ ಏನು ಬರೆದಿದೆ ಅಂತ ನೋಡಿ. ಕೌಶಲ ತರಬೇತಿಗಳಿಗೆ ಮಾನ್ಯತೆಯ ಹೊಣೆ ಹೊತ್ತಿರುವುದು ಎನ್‌ಸಿವಿಇಟಿ ಅನ್ನುವ ರಾಷ್ಟ್ರೀಯ ಪರಿಷತ್ತು. ಆ ಮಾನ್ಯತೆ ಇರುವ ಕೋರ್ಸಿಗೆ ಎನ್‌ಎಸ್‌ಕ್ಯೂಎಫ್ ಮಟ್ಟ ಇಂಥದ್ದು ಅಂತ ಇರುತ್ತದೆ. ಗಂಟೆ, ಕ್ರೆಡಿಟ್ ನಮೂದಾಗಿದ್ದರೆ ಇನ್ನೂ ಒಳ್ಳೆಯದು. ಪೇಟೆಯ ಕಂಪ್ಯೂಟರ್ ಸೆಂಟರಿನ ಹೊಳೆಯುವ ಸರ್ಟಿಫಿಕೇಟಿನಲ್ಲಿ ಇದಾವುದೂ ಇಲ್ಲದಿದ್ದರೆ, ಅಲ್ಲಿ ಕಲಿತದ್ದು ಕೆಲಸಕ್ಕೆ ಬರಬಹುದು, ಡಿಗ್ರಿಗೆ ಬರುವುದಿಲ್ಲ.

ಕಾಗದಗಳ ವಿಷಯದಲ್ಲಿ ನನ್ನ ಒಂದು ಕಿವಿಮಾತಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಇರುತ್ತದೆ, ಯಾವ ವಿಷಯ ಎಷ್ಟು ಗಂಟೆ ಕಲಿತೆ ಅನ್ನುವುದು ಇರುವುದಿಲ್ಲ. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಬೇಕು. ಓದು ಮುಗಿದ ವರ್ಷವೇ ಅದನ್ನು ಮಾಡಿಸಿಟ್ಟುಕೊಳ್ಳಿ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ವಿದೇಶಕ್ಕೆ ಹೋಗಲು ಟ್ರಾನ್ಸ್‌ಕ್ರಿಪ್ಟ್ ಕೇಳಲು ಹೊರಟಾಗ ಅವಳು ಓದಿದ ನರ್ಸಿಂಗ್ ಸ್ಕೂಲೇ ಬಾಗಿಲು ಹಾಕಿತ್ತು. ಹಳೆಯ ಹಾಜರಿ ಪುಸ್ತಕ ಯಾರ ಮನೆಯಲ್ಲಿದೆ ಅಂತ ಹುಡುಕುವುದರಲ್ಲೇ ತಿಂಗಳುಗಳು ಹೋದವು. ಪಠ್ಯಪುಸ್ತಕ ಮಾರಿದರೂ ಸಿಲಬಸ್ ಪ್ರತಿಯನ್ನು ಮಾರಬೇಡಿ. ಎರಡು ಕೋರ್ಸುಗಳನ್ನು ಹೋಲಿಸುವವರು ನೋಡುವುದು ಅದನ್ನೇ.

ಕಾಲೇಜಿನಲ್ಲಿ ಈಗಾಗಲೇ ಓದುತ್ತಿರುವವರಿಗೆ ಸ್ವಯಂ ಅನ್ನುವ ಕೇಂದ್ರ ಸರಕಾರದ ಆನ್‌ಲೈನ್ ವೇದಿಕೆ ಇದೆ. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಅಲ್ಲಿಂದ ತೆಗೆದುಕೊಳ್ಳಲು 2021ರ ಯುಜಿಸಿ ನಿಯಮ ಅವಕಾಶ ಕೊಟ್ಟಿದೆ. ಆದರೆ ಕಾಲೇಜು ಮೊದಲೇ ಒಪ್ಪಿರಬೇಕು, ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದರೆ. ಇದನ್ನು ನಿಯಮ ಬರೆದವರು ಬಂದು ನೋಡಬೇಕು.

ಸೇನೆಗೆ ಹೋದ ಹುಡುಗರ ಮನೆಯವರಿಗೆ ಒಂದು ಮಾತು. ಅಗ್ನಿವೀರರಿಗಾಗಿ ಇಗ್ನೋದ ಮೂರು ವರ್ಷದ ಪದವಿಯನ್ನು 2022ರ ಜೂನ್‌ನಲ್ಲಿ ಘೋಷಿಸಿದರು. ಅದರ ಅರ್ಧ ಕ್ರೆಡಿಟ್ ಸೇವೆಯಲ್ಲಿ ಪಡೆದ ಕೌಶಲ ತರಬೇತಿಯಿಂದಲೇ ಬರುತ್ತದೆ, ಉಳಿದರ್ಧಕ್ಕೆ ಓದಬೇಕು. ಹಾಗೆಯೇ ಸಿಎ, ಸಿಎಸ್, ಐಸಿಡಬ್ಲ್ಯುಎ ಮುಗಿಸಿದ್ದು ಸ್ನಾತಕೋತ್ತರ ಪದವಿಗೆ ಸಮ ಅಂತ ಯುಜಿಸಿ 2021ರಲ್ಲೇ ಒಪ್ಪಿದೆ. ಅಂದರೆ ಮನಸ್ಸಿದ್ದರೆ ಕಾಲೇಜಿನ ಹೊರಗಿನ ಕಲಿಕೆಯನ್ನು ಅಳೆಯುವುದು ಕಷ್ಟವೇನಲ್ಲ.

ನಮ್ಮ ರಾಜ್ಯದ ನೀತಿ ಈಚೆಗೆ ಎರಡು ಸಲ ದಿಕ್ಕು ಬದಲಿಸಿತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಶುರುವಾಯಿತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಯಾವುದು ಸರಿ ಅನ್ನುವ ಚರ್ಚೆ ದೊಡ್ಡವರದ್ದು. ನಡುವೆ ಓದು ಬಿಟ್ಟು ಹೋಗಿರುವ ವಿದ್ಯಾರ್ಥಿ ಮಾತ್ರ ತಾನು ಯಾವ ವರ್ಷ ಸೇರಿದೆ, ಯಾವ ಪಠ್ಯಕ್ರಮ ಅನ್ನುವುದನ್ನು ಮರೆಯದೆ ಹೇಳಿ ವಿಚಾರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಕೊರೆಯುವುದು ನಮ್ಮ ತಾಲ್ಲೂಕಿನದೇ ಸಂಗತಿ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಇದೆ. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ರಾಜ್ಯದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲೇ ಉಳಿದು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಭಿನಯ, ಧ್ವನಿ, ರಂಗಸಜ್ಜಿಕೆ, ಬೆಳಕು, ಪ್ರಸಾಧನ, ನಾಟಕ ಸಾಹಿತ್ಯ ಕಲಿಯುತ್ತಾರೆ. ಗಂಟೆ ಲೆಕ್ಕ ಹಾಕಿದರೆ ಒಂದು ವರ್ಷದ 1,200ಕ್ಕೆ ಅದು ಕಡಿಮೆ ಬೀಳಲಾರದು ಅಂತ ನನ್ನ ಅಂದಾಜು. ಅಂದರೆ 40 ಕ್ರೆಡಿಟ್, ಮೂರು ವರ್ಷದ ಬಿ.ಎ.ಯ ಮೂರನೇ ಒಂದು ಭಾಗ. ಪಿಯುಸಿ ಮುಗಿಸಿ ಅಲ್ಲಿ ಕಲಿತ ಹುಡುಗಿ ಮುಂದೆ ಬಿ.ಎ. ಕನ್ನಡಕ್ಕೆ ಸೇರಿದರೆ, ಅವಳು ಓದಿದ ಸಂಸ್ಕೃತ ನಾಟಕ, ಶೇಕ್ಸ್‌ಪಿಯರ್, ಹೊಸಗನ್ನಡ ನಾಟಕಗಳಿಗೆ ಒಂದೆರಡು ಪೇಪರಿನಷ್ಟಾದರೂ ಜಮಾ ಸಿಗಬೇಡವೇ? ಪಕ್ಕದ ಭೀಮನಕೋಣೆಯ ಚರಕ ಕೈಮಗ್ಗ ಸಂಘದಲ್ಲಿ ಅಡಿಕೆ ಚೊಗರಿನಿಂದ ಬಣ್ಣ ಕಟ್ಟುವ ಹೆಂಗಸರಿದ್ದಾರೆ. ಯಾವ ನೂಲಿಗೆ ಎಷ್ಟು ಹೊತ್ತು ಕುದಿ, ಯಾವ ನೀರಿಗೆ ಬಣ್ಣ ಹೇಗೆ ತಿರುಗುತ್ತದೆ ಅನ್ನುವುದು ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಅವರಲ್ಲಿ ಒಬ್ಬಳು ಜವಳಿಯ ಡಿಗ್ರಿಗೆ ಸೇರಿದರೆ ಡೈಯಿಂಗ್ ಪ್ರಾಕ್ಟಿಕಲ್ಸ್‌ನಲ್ಲಿ ಅವಳನ್ನು ಮೊದಲ ಪಾಠದಿಂದ ಕೂರಿಸುವುದಕ್ಕೆ ಕಾರಣವೇ ಇಲ್ಲ. ಅನುಭವಕ್ಕೆ ತೂಕ ಕೊಡುವ ನಿಯಮ ದಿಲ್ಲಿಯಲ್ಲಿದೆ. ಅಳೆಯುವ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾಲಯ ನಡೆಸಬೇಕು. ಕೈಕೆಲಸ ಬಲ್ಲವರು ಇಷ್ಟು ಜನ ಇರುವ ಸಾಗರದ ಸುತ್ತಮುತ್ತ ಅಂಥ ಪರೀಕ್ಷೆಗೆ ಒಂದು ಕೇಂದ್ರ ಬರಲಿ ಅಂತ ನಾನು ಬಲವಾಗಿ ಬಯಸುತ್ತೇನೆ.

ನನ್ನ ವೃತ್ತಿಯಲ್ಲೇ ಇದಕ್ಕಿಂತ ಹತ್ತಿರದ ಅನ್ಯಾಯವಿದೆ. ಎಎನ್‌ಎಂ ಅಕ್ಕಂದಿರು ಎರಡು ವರ್ಷ ತರಬೇತಿ ಪಡೆದು ಉಪಕೇಂದ್ರಗಳಿಗೆ ಹೋಗುತ್ತಾರೆ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಗೆ 2025ರ ಜುಲೈಯಲ್ಲಿ ಸೇತುವೆ ಆಗುವವರೆಗೂ ಲಸಿಕೆಯ ಡಬ್ಬಿ ಹಿಡಿದು ಲಾಂಚಿನಲ್ಲಿ ದಾಟಿದವರು ಅವರು. 2019ರ ಬೇಸಿಗೆಗೆ ಮುಂಚೆ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಹಬ್ಬಿದಾಗ ಮನೆಮನೆಗೆ ಹೋಗಿ ಜ್ವರ ಬಂದವರನ್ನು ಹುಡುಕಿದವರು, ಉಣ್ಣೆ ಕಚ್ಚದಂತೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ ಅಂತ ತೋಟದ ಕೆಲಸದವರ ಬೆನ್ನು ಬಿದ್ದವರು, ಲಸಿಕೆಗೆ ಬನ್ನಿ ಅಂತ ಗೋಗರೆದವರು ಇವರೇ. ಸಮುದಾಯ ಆರೋಗ್ಯ ಶುಶ್ರೂಷೆ ಅನ್ನುವ ಪೇಪರಿನಲ್ಲಿ ನಾನು ಓದಿದ್ದನ್ನು ಅವರು ಕಾಲಲ್ಲಿ ನಡೆದು ಕಲಿತಿದ್ದಾರೆ. ಅಂಥ ಅಕ್ಕ ಒಬ್ಬಳು ಜಿಎನ್‌ಎಂಗೆ ಸೇರಲು ಅರ್ಹಳು, ನಿಜ. ಸೇರಿದರೆ ಪೂರ್ತಿ ಮೂರು ವರ್ಷ ಓದಬೇಕು. ಆಮೇಲೆ ಪೋಸ್ಟ್ ಬೇಸಿಕ್ ಎರಡು ವರ್ಷ. ಎಎನ್‌ಎಂನ ಎರಡು ಸೇರಿ ಏಳು ವರ್ಷ ಕಲಿತ ಮೇಲೆ ಅವಳ ಕೈಗೆ ಬರುವುದು ನಾಲ್ಕು ವರ್ಷದ ಪದವಿ.

ರೋಗಿಯ ಜೀವದ ವಿಷಯವಾದ್ದರಿಂದ ಸುಮ್ಮನೆ ಮನ್ನಾ ಮಾಡಿ ಅಂತ ನಾನೂ ಕೇಳುವುದಿಲ್ಲ. ಪರೀಕ್ಷೆ ಇಡಿ. ಸಮುದಾಯ ಆರೋಗ್ಯ, ಹೆರಿಗೆ, ಲಸಿಕೆ, ಪೌಷ್ಟಿಕಾಂಶ ಈ ನಾಲ್ಕು ವಿಷಯಗಳಲ್ಲಿ ಬರಹದ ಪರೀಕ್ಷೆಯೂ ಇರಲಿ, ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿ ಮಾಡುವ ಪ್ರಾಕ್ಟಿಕಲ್ಲೂ ಇರಲಿ. ಪಾಸಾದವಳನ್ನು ಜಿಎನ್‌ಎಂನ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಿ. ಐಟಿಐ ಹುಡುಗನಿಗೆ ಪಾಲಿಟೆಕ್ನಿಕ್ ತೆರೆದ ಬಾಗಿಲನ್ನು ಎಎನ್‌ಎಂ ಅಕ್ಕನಿಗೆ ನರ್ಸಿಂಗ್ ಕೌನ್ಸಿಲ್ ತೆರೆಯಬೇಕು ಅನ್ನುವುದಷ್ಟೇ ನನ್ನ ಬೇಡಿಕೆ. ನಮ್ಮ ನರ್ಸುಗಳ ಸಂಘದ ಸಭೆಗಳಲ್ಲಿ ಸಂಬಳ, ವರ್ಗಾವಣೆಯ ಜೊತೆಗೆ ಇದನ್ನೂ ಮನವಿಪತ್ರದಲ್ಲಿ ಸೇರಿಸಿ ಅಂತ ನಾನು ಕೇಳುತ್ತಲೇ ಬಂದಿದ್ದೇನೆ, ಮುಂದೆಯೂ ಕೇಳುತ್ತೇನೆ.